ಹಸಿ ಇದೆ, ಮುಟ್ಟಬೇಡಿ

ದಿನವಿಡೀ ಕತ್ತು ಮೇಲೆತ್ತಿ ಚಾವಣಿಗೆ ಬಣ್ಣ ಹೊಡೆಯುವವನ ಹೆಗಲು ಸಂಜೆಯಾಗುವಷ್ಟರಲ್ಲಿ ಅವನದಾಗಿ ಉಳಿದಿರುವುದಿಲ್ಲ. ಯಾರೋ ಎರಡು ಕಲ್ಲು ತಂದು ಕತ್ತಿನ ಆಚೆ ಈಚೆ ಇಟ್ಟು ಹೋದ ಹಾಗಿರುತ್ತದೆ. ಈ ಪೇಂಟರಿಗೂ ಹಾಗೇ. ಆದರೆ ಅವನ ಪುಣ್ಯ, ಆ ನೋವಿಗೆ ಮದ್ದು ಮನೆಯಲ್ಲೇ ಇತ್ತು. ಕೆಲಸದಿಂದ ಬಂದು, ತಿನ್ನರಿನಲ್ಲಿ ಕೈ ತಿಕ್ಕಿ, ಸ್ನಾನ ಮುಗಿಸಿ, ತೋಳಿಲ್ಲದ ಬನಿಯನ್ನಿನಲ್ಲಿ ಅಡುಗೆಮನೆಯ ಬಾಗಿಲ ಪಕ್ಕ ನೆಲದ ಮೇಲೆ ಕೂತರೆ, ಹೆಂಡತಿ ಹಿಂದೆ ಸ್ಟೂಲು ಎಳೆದುಕೊಂಡು ಎರಡೂ ಹೆಗಲನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದಳು.

"ಇನ್ನೂ ಸ್ವಲ್ಪ ಮೇಲೆ."

"ಮೇಲೆ ಅಂದ್ರೆ ತಲೇನಾ? ಅದನ್ನೂ ಒತ್ತಿ ನೋಡ್ಲಾ, ಒಳಗೆ ಏನಾದ್ರೂ ಸಿಗುತ್ತೋ ಅಂತ?"

ಅವನು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಆ ದನಿ ಕೇಳುವುದೇ ಅರ್ಧ ಆರಾಮ. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ಕಚೇರಿಯಲ್ಲಿ ಅಳುತ್ತಾ ಕೂತಿದೆ, ಎಲ್ಲವನ್ನೂ ಹೇಳುವವಳು ಅವಳೇ. ಊರಲ್ಲಿ ಅವಳ ಮುಖ ಗೊತ್ತಿಲ್ಲದವರಿಗೂ ಅವಳ ದನಿ ಗೊತ್ತಿತ್ತು. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, "ಓ, ನೀವು ಬಸ್‌ಸ್ಟ್ಯಾಂಡಿನವರಲ್ವಾ!" ಎನ್ನುತ್ತಿದ್ದರು.

ಒಳಗಿನ ಕೋಣೆಯಿಂದ ಅತ್ತೆಯ ಮಾತು ಬರುತ್ತಿತ್ತು. "ಗಂಡನ ಹೆಗಲು ಒತ್ತಿದ್ದು ಸಾಕು ಕಣಮ್ಮ. ಆ ಕೈಗೆ ಒಂದು ಮಗು ಎತ್ತಿಕೊಳ್ಳೋ ಭಾಗ್ಯ ಬರಲಿ." ಕೆಟ್ಟ ಹೆಂಗಸಲ್ಲ. ಸೊಸೆಗೆ ಜ್ವರ ಬಂದರೆ ಅವಳ ಹಾಸಿಗೆಯ ಪಕ್ಕ ಬಿಟ್ಟು ಏಳದವಳು. ಆದರೆ ಮದುವೆಯಾಗಿ ಇಷ್ಟು ವರ್ಷವಾದರೂ ತೊಟ್ಟಿಲು ತೂಗಲಿಲ್ಲವಲ್ಲ ಎಂಬ ಸಂಕಟ ಅವಳ ನಾಲಿಗೆಯ ತುದಿಯಲ್ಲೇ ಕೂತಿತ್ತು. ಕೊರತೆ ಯಾರದು ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳುವುದೇನು, ಅದು ಸೊಸೆಯದೇ ಎಂದು ತೀರ್ಮಾನವಾಗಿಹೋಗಿತ್ತು.

ಪೇಂಟರಿಗೆ ಮಾತ್ರ ಬೇರೆ ವಿಷಯ ಗೊತ್ತಿತ್ತು.

ಹಿಂದಿನ ವರ್ಷ ಅವನಿಗೆ ಏಣಿ ಹತ್ತಿದರೆ ಕಾಲು ನಡುಗುತ್ತಿತ್ತು. ಊಟ, ಕೆಲಸ, ಹೆಂಡತಿ, ಯಾವುದರಲ್ಲೂ ಮನಸ್ಸಿರಲಿಲ್ಲ. ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯ ಡಾಕ್ಟರ ಹತ್ತಿರ ಹೋದ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ಗಂಡಸರ ಹಾರ್ಮೋನು ನಿಮಗೆ ತುಂಬಾ ಕಮ್ಮಿ ಇದೆ. ಕಣ್ಣು ಮಂದ ಆದ್ರೆ ಕನ್ನಡಕ ಹಾಕ್ಕೊಳ್ಳಲ್ವಾ, ಹಾಗೇ ಇದೂ. ನಾಚಿಕೆ ಪಡೋದೇನಿಲ್ಲ" ಎಂದರು. ನಾಚಿಕೆ ಪಡಬೇಡಿ ಎಂದ ತಕ್ಷಣ ಅವನಿಗೆ ನೆಲ ಬಿರಿದು ಒಳಗೆ ಹೋಗಿಬಿಡಬೇಕು ಅನ್ನಿಸಿತು. "ಮಕ್ಕಳಿದ್ದಾರಾ?" ಎಂದು ಅವರು ಕೇಳಿದರು. ಅವನು ತಡಮಾಡದೆ, "ಎರಡು ಸಾರ್. ಒಂದು ಗಂಡು, ಒಂದು ಹೆಣ್ಣು" ಎಂದುಬಿಟ್ಟ. ಎಲ್ಲಿಂದ ಬಂದವೋ ಆ ಎರಡು ಮಕ್ಕಳು! ಯಾಕೆ ಕೇಳಿದರು ಎಂದು ಯೋಚಿಸುವ ವ್ಯವಧಾನವೂ ಇರಲಿಲ್ಲ ಆ ಮನುಷ್ಯನಿಗೆ.

ಡಾಕ್ಟರು ಹೆಗಲಿಗೆ ಹಚ್ಚುವ ಜೆಲ್ ಬರೆದುಕೊಟ್ಟರು. "ಹಚ್ಚಿದ ಮೇಲೆ ಒಣಗಕ್ಕೆ ಬಿಡಿ. ಕೈ ಚೆನ್ನಾಗಿ ತೊಳೀರಿ. ಮೇಲೆ ಅಂಗಿ ಹಾಕ್ಕೊಳ್ಳಿ, ಮನೆಯವರಿಗೆ ಆ ಜಾಗ ತಾಗಬಾರದು" ಎಂದು ಹೇಳುತ್ತಿರುವಾಗ ಹೊರಗೆ ಯಾರೋ ಪರಿಚಯದವರ ದನಿ ಕೇಳಿದ ಹಾಗಾಗಿ ಅವನ ಕಿವಿಯೆಲ್ಲ ಬಾಗಿಲ ಕಡೆಗಿತ್ತು. "ಆಯ್ತು ಸಾರ್, ಆಯ್ತು ಸಾರ್" ಎಂದ. ಔಷಧದಂಗಡಿಯ ಮೆಟ್ಟಿಲಿಳಿಯುವ ಮೊದಲೇ ಡಬ್ಬಿಯನ್ನೂ ಅದರೊಳಗಿನ ಸೂಚನೆಯ ಕಾಗದವನ್ನೂ ಕಸದ ಬುಟ್ಟಿಗೆ ಹಾಕಿ, ಬಾಟಲಿಯನ್ನು ಕೆಲಸದ ಚೀಲದಲ್ಲಿದ್ದ ಗೋಡೆಯ ಬಿರುಕು ತುಂಬುವ ಪುಟ್ಟಿಯ ಖಾಲಿ ಡಬ್ಬದೊಳಗೆ ಇಳಿಸಿದ. ಬ್ರಷ್ಷುಗಳ ಕೆಳಗೆ, ಬಟ್ಟೆಚೂರುಗಳ ಕೆಳಗೆ. ಅಲ್ಲಿಗೆ ಹೆಂಡತಿ ಕೈ ಹಾಕುವುದಿಲ್ಲ.

ಬೆಳಿಗ್ಗೆ ಹಚ್ಚಲು ಪುರುಸೊತ್ತಿಲ್ಲ. ಕೆಲಸದ ಜಾಗದಲ್ಲಿ ಜೊತೆಯವರೆದುರು ಅಂಗಿ ಬಿಚ್ಚಿ ಹಚ್ಚಿಕೊಳ್ಳುವುದಂತೂ ಸಾಧ್ಯವೇ ಇಲ್ಲ. ಹಾಗಾಗಿ ಸಂಜೆ ಸ್ನಾನವಾದ ಮೇಲೆ ಚಿಲಕ ಹಾಕಿಕೊಂಡು ಎರಡೂ ಹೆಗಲಿಗೆ ಹಚ್ಚಿಕೊಳ್ಳುತ್ತಿದ್ದ. ಕೈ ತೊಳೆಯುತ್ತಿದ್ದ, ಅದು ನೆನಪಿತ್ತು. ಆಮೇಲೆ ಬನಿಯನ್ ತೊಟ್ಟು ಬಂದು ಹೆಂಡತಿಯ ಮುಂದೆ ಕೂರುತ್ತಿದ್ದ.

ವಿಚಿತ್ರವೆಂದರೆ ಆ ಜೆಲ್ಲಿನಿಂದ ಅವನಿಗೆ ಅಂಥ ಗುಣವೇನೂ ಕಾಣಲಿಲ್ಲ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗಲೂ ಹಾರ್ಮೋನು ಕಮ್ಮಿಯೇ. ಡಾಕ್ಟರು ಹಣೆ ಉಜ್ಜಿಕೊಂಡು, "ದಿನಾ ಹಚ್ತಿದೀರಿ ತಾನೆ? ಹಾಗಾದ್ರೆ ಮೈಗೆ ಹಿಡೀತಿಲ್ಲ. ಸ್ವಲ್ಪ ಜಾಸ್ತಿ ಮಾಡೋಣ" ಎಂದರು. ಜಾಸ್ತಿ ಮಾಡಿದರು. ಮುಂದಿನ ಸಲ ಇನ್ನೂ ಜಾಸ್ತಿ.

ಅದೇ ಹೊತ್ತಿಗೆ ಹೆಂಡತಿಯ ತಿಂಗಳ ಸ್ರಾವ ನಿಂತಿತು.

ಮನೆಯಲ್ಲಿ ಎಂಥ ಸಂಭ್ರಮ! ಅತ್ತೆ ಸೊಸೆಯ ಕೈಯಿಂದ ನೀರಿನ ಕೊಡ ಕಿತ್ತುಕೊಂಡಳು, ಪೊರಕೆ ಕಿತ್ತುಕೊಂಡಳು. "ಕೂತ್ಕೊ, ಮಹಾರಾಣಿ ಹಾಗೆ ಕೂತ್ಕೊ" ಎಂದು ಗದರಿದಳು. ಪೇಂಟರು ಸುಣ್ಣ ಕಾಣದ ಮೂಲೆಯ ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆದ. ಆಮೇಲೆ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಎರಡನೆಯ ಸಲವೂ ಇಲ್ಲ. ಅತ್ತೆ ಪೊರಕೆಯನ್ನು ಬಾಗಿಲ ಹಿಂದಕ್ಕೆ ವಾಪಸು ಇಟ್ಟಳು. ಹಳದಿ ಕೋಣೆಯ ಬಾಗಿಲನ್ನು ಯಾರು ಮುಚ್ಚಿದರೋ, ಮತ್ತೆ ತೆರೆಯಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅವಳು ಅತ್ತು ಸುಧಾರಿಸಿಕೊಳ್ಳುತ್ತಿದ್ದಳೇನೋ. ಮುಖದ ತುಂಬ ಮೊಡವೆ ಎದ್ದವು. ಗಲ್ಲದ ಮೇಲೆ ಕಪ್ಪು ಕೂದಲು ಮೂಡಿತು, ಕಿತ್ತಷ್ಟೂ ಮತ್ತೆ ಬಂತು. ಕನ್ನಡಿಯ ಮುಂದೆ ಚಿಮುಟ ಹಿಡಿದು ನಿಂತವಳು ಗಂಡ ಬಂದರೆ ದೀಪ ಆರಿಸಿಬಿಡುತ್ತಿದ್ದಳು. ಆಮೇಲೆ ದನಿ ಒಡೆಯಿತು. ಮೊದಲು ನೆಗಡಿ ಎಂದುಕೊಂಡಳು, ಬಿಸಿನೀರು ಕುಡಿದಳು, ಮಾತು ಕಮ್ಮಿ ಮಾಡಿದಳು. ದನಿ ಇಳಿಯುತ್ತಲೇ ಹೋಯಿತು. ಒಂದು ದಿನ ಮೈಕಿನಲ್ಲಿ ಊರಿನ ಹೆಸರು ಹೇಳುತ್ತಿದ್ದ ಹಾಗೆ ನಡುವೆ ಗೊಗ್ಗರು ಸ್ವರ ಬಂದು, ಇಡೀ ನಿಲ್ದಾಣ ಗೊಳ್ಳೆಂದು ನಕ್ಕಿತು.

ನಿಲ್ದಾಣದ ಮೇಲ್ವಿಚಾರಕ ಒಳ್ಳೆಯ ಮನುಷ್ಯನೇ. ಅವಳನ್ನು ಕೂರಿಸಿ ಹೇಳಿದ, "ನೋಡಮ್ಮ, ನನಗೇನೂ ಇಲ್ಲ. ಜನ ಬಂದು ಕೇಳ್ತಾರೆ, ಯಾರ್ರೀ ಅದು, ಗಂಡಸಾ ಹೆಂಗಸಾ ಅಂತ. ಗಂಟಲು ಸರಿಯಾಗೋವರೆಗೆ ಪಾರ್ಸೆಲ್ ಕೌಂಟರಿನಲ್ಲಿರು." ಅವಳು ಪಾರ್ಸೆಲ್ ಕೌಂಟರಿಗೆ ಹೋದಳು. ಅವತ್ತು ಸಂಜೆಯೂ ಗಂಡನ ಹೆಗಲು ಒತ್ತಿದಳು. ಅವಳ ಕೈ ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ಇತ್ತು, ಬೇರೆಲ್ಲೂ ಹಿಡಿದುಕೊಳ್ಳಲು ಏನೂ ಇಲ್ಲದವಳ ಹಾಗೆ.

ಹೆಂಗಸರ ಡಾಕ್ಟರು ರಕ್ತ ಪರೀಕ್ಷೆ ಬರೆದರು. ಫಲಿತಾಂಶ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಗಂಡಸರ ಹಾರ್ಮೋನು ಹೆಂಗಸರಲ್ಲೂ ಚೂರು ಇರುತ್ತೆ. ನಿಮ್ಮಲ್ಲಿ ಇರೋದು ಚೂರಲ್ಲ" ಎಂದರು. ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೋ ಗಡ್ಡೆ ಇದ್ದರೆ ಹೀಗಾಗುವುದುಂಟು, ಸ್ಕ್ಯಾನ್ ಮಾಡಿಸೋಣ, ರಕ್ತ ಇನ್ನೊಮ್ಮೆ ನೋಡೋಣ ಎಂದರು.

ಆ ನಡುವೆ ತಂಗಿಯ ಬಾಣಂತನಕ್ಕೆಂದು ಅವಳು ತಂಗಿಯ ಊರಿಗೆ ಹೋಗಿ ಕೆಲವು ವಾರ ಇದ್ದಳು. ಎರಡನೆಯ ರಕ್ತ ಪರೀಕ್ಷೆ ಅಲ್ಲೇ ಆಯಿತು. ಆಶ್ಚರ್ಯವೆಂದರೆ ಹಾರ್ಮೋನು ಹೆಚ್ಚುಕಮ್ಮಿ ಸರಿಯಾಗಿತ್ತು! ಅವಳು ಫೋನಿನಲ್ಲಿ ಅತ್ತಳು, ನಕ್ಕಳು. ಮನೆಗೆ ಬಂದಳು, ಗಂಡನ ಹೆಗಲು ಒತ್ತಿದಳು. ಮೂರನೆಯ ಪರೀಕ್ಷೆ ಇಲ್ಲಿ ಆಯಿತು. ಮತ್ತೆ ಆಕಾಶಕ್ಕೆ ಏರಿತ್ತು.

ಡಾಕ್ಟರ ಕೋಣೆಯಲ್ಲಿ ಮೂವರೂ ಕೂತಿದ್ದರು, ಹೆಂಡತಿ, ಅತ್ತೆ, ಪೇಂಟರು. ಡಾಕ್ಟರು ಪೆನ್ನಿನಿಂದ ಮೇಜು ಕುಟ್ಟುತ್ತಾ, "ನಡುವಿಂದು ಒಂದೇ ಯಾಕೆ ಇಳೀತು ಅಂತ ನನಗೆ ಅರ್ಥ ಆಗ್ತಿಲ್ಲ. ಲ್ಯಾಬು ತಪ್ಪು ಮಾಡಿರಬಹುದು. ಅದಕ್ಕೂ ಮೊದಲು ಒಂದು ಮಾತು ಕೇಳ್ಬೇಕು" ಎಂದರು. ಅವನ ಕಡೆಗೆ ತಿರುಗಿದರು. "ಮನೇಲಿ ಯಾರಾದ್ರೂ ಹಾರ್ಮೋನಿನ ಜೆಲ್ಲು, ಕ್ರೀಮು, ಇಂಜೆಕ್ಷನ್ನು ತಗೋತಿದಾರಾ? ನೀವು?"

ಪೇಂಟರು ಆಚೀಚೆ ನೋಡಿದ. ಪಕ್ಕದಲ್ಲಿ ತಾಯಿ. ಈ ಪಕ್ಕದಲ್ಲಿ ಹೆಂಡತಿ. ಬಾಯಿ ತೆರೆದ.

ಅವನಿಗಿಂತ ಮೊದಲೇ ತಾಯಿ ನಕ್ಕಳು. "ಅಯ್ಯೋ ಡಾಕ್ಟರಮ್ಮ, ನನ್ನ ಮಗನಿಗೆ ಅಂಥ ಗತಿ ಏನು ಬಂದಿದೆ? ಏಣಿ ಹೊತ್ಕೊಂಡು ಊರೆಲ್ಲ ತಿರುಗ್ತಾನೆ. ಗಂಡಸು ಅಂದ್ರೆ ಗಂಡಸು."

"ಅವರೇ ಹೇಳ್ಲಿ" ಎಂದರು ಡಾಕ್ಟರು.

"ಇಲ್ಲ ಮೇಡಂ" ಎಂದ ಅವನು. "ನಮ್ಮನೇಲಿ ಅಂಥದ್ದೆಲ್ಲ ಯಾರೂ ಹಚ್ಚಲ್ಲ."

ಕೇಳಿದ್ದು ಜೆಲ್ಲು, ಕ್ರೀಮು, ಇಂಜೆಕ್ಷನ್ನು. ಇವನು ಹೇಳಿದ್ದು ಹಚ್ಚಲ್ಲ ಅಂತ. ಡಾಕ್ಟರು ಒಂದು ಗಳಿಗೆ ಅವನನ್ನೇ ನೋಡಿದರು, ಆಮೇಲೆ ಸ್ಕ್ಯಾನಿನ ಚಿತ್ರ ಎತ್ತಿಕೊಂಡರು. ಅಲ್ಲೇ ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ ಮಹಾರಾಯ. ತಾನು ತನ್ನ ಹೆಗಲಿಗೆ ಹಚ್ಚಿಕೊಂಡರೆ ಅದು ಇವಳ ರಕ್ತಕ್ಕೆ ಹೇಗೆ ಹೋದೀತು, ಇವರು ಸುಮ್ಮನೆ ಕೇಳುತ್ತಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸ್ಕ್ಯಾನಿನಲ್ಲಿ ಎಡ ಅಂಡಾಶಯದ ಹತ್ತಿರ ಏನೋ ಮಸುಕು ಕಾಣುತ್ತಿತ್ತು. ಗಡ್ಡೆಯೇ ಎಂದು ಹೇಳುವಂತಿಲ್ಲ, ಅಲ್ಲ ಎಂದೂ ಹೇಳುವಂತಿಲ್ಲ. "ತೆರೆದು ನೋಡೋದೇ ಕ್ಷೇಮ. ಒಂದನ್ನು ತೆಗೀತೀವಿ. ಒಳಗೆ ನೋಡಿದಾಗ ಅನುಮಾನ ಬಂದ್ರೆ ಎರಡನ್ನೂ" ಎಂದರು ಡಾಕ್ಟರು.

"ಎರಡನ್ನೂ ಅಂದ್ರೆ ಆಮೇಲೆ ಮಕ್ಕಳು..." ಎಂದಳು ಹೆಂಡತಿ, ಆ ಒಡೆದ ದನಿಯಲ್ಲಿ.

ಡಾಕ್ಟರು ಅವಳ ಕೈ ಮೇಲೆ ಕೈ ಇಟ್ಟರು. ಮನೆಗೆ ಬರುವಾಗ ಆಟೋದಲ್ಲಿ ಮೂವರೂ ಮೂರು ಕಡೆ ನೋಡುತ್ತಾ ಕೂತಿದ್ದರು.

ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಪೇಂಟರು ಒಂದು ಶಾಲೆಯ ಮೆಟ್ಟಿಲ ಕಂಬಿಗೆ ಹಸಿರು ಬಣ್ಣ ಹೊಡೆಯುತ್ತಿದ್ದ. ಕೈ ಕೆಲಸ ಮಾಡುತ್ತಿತ್ತು, ತಲೆ ಆಸ್ಪತ್ರೆಯಲ್ಲಿತ್ತು. ಎಂದೂ ಮರೆಯದ ಒಂದು ಕೆಲಸವನ್ನು ಅವತ್ತು ಮರೆತ. ಬಣ್ಣ ಹೊಡೆದ ಮೇಲೆ ಹಗ್ಗಕ್ಕೆ ಕಟ್ಟಿ ತೂಗುಹಾಕುವ ರಟ್ಟು ಅವನ ಚೀಲದಲ್ಲೇ ಉಳಿಯಿತು. ಅದರ ಮೇಲೆ ಅವನದೇ ದಪ್ಪಕ್ಷರದಲ್ಲಿ 'ಹಸಿ ಇದೆ, ಮುಟ್ಟಬೇಡಿ' ಎಂದಿತ್ತು.

ಮಗಳನ್ನು ಕರೆದೊಯ್ಯಲು ಬಂದ ಒಬ್ಬ ಹೆಂಗಸು ಕಂಬಿ ಹಿಡಿದು ಇಳಿದಳು. ಇಳಿದವಳು ಮಗಳ ಕೆನ್ನೆ ಸವರಿದಳು, ಬೆವರು ಒರೆಸಿಕೊಂಡಳು, ಗೇಟು ದೂಡಿದಳು. ಮಗಳ ಕೆನ್ನೆ ಹಸಿರು, ಅವಳ ಹಣೆ ಹಸಿರು, ಗೇಟಿನ ಚಿಲಕ ಹಸಿರು. ಅವಳಿಗೆ ಗೊತ್ತಾದದ್ದು ಮಗಳು ಕಿರುಚಿದ ಮೇಲೆ. ವಾಪಸು ಬಂದವಳು ಪೇಂಟರ ಮೇಲೆ ಹರಿಹಾಯ್ದಳು.

"ಕಣ್ಣಿಗೆ ಕಾಣೋ ಹಾಗೆ ಒಂದು ಬೋರ್ಡ್ ಹಾಕೋಕೆ ಏನ್ರೀ ರೋಗ ನಿಮಗೆ? ಹಸಿ ಇದೆ ಅಂತ ಹೇಳಿದ್ರೆ ನಾನ್ಯಾಕೆ ಮುಟ್ತಿದ್ದೆ?"

ಅವನು ಆ ಹುಡುಗಿಯ ಕೆನ್ನೆಯ ಮೇಲಿನ ಬೆರಳ ಗುರುತನ್ನೇ ನೋಡುತ್ತಾ ನಿಂತ. ಕಂಬಿಗೆ ಹೊಡೆದ ಬಣ್ಣ. ಕಂಬಿಯನ್ನು ಮುಟ್ಟದ ಮಗುವಿನ ಕೆನ್ನೆಯ ಮೇಲಿದೆ. ಕಂಬಿಯ ಮೇಲೆ ಆ ಜಾಗ ಬೋಳಾಗಿದೆ.

ತಂಗಿಯ ಊರಿನಲ್ಲಿದ್ದಾಗ ಹೆಂಡತಿ ಯಾರ ಹೆಗಲನ್ನೂ ಒತ್ತಲಿಲ್ಲ. ಇಲ್ಲಿ ದಿನಾ ಒತ್ತಿದಳು. ತನ್ನ ರಕ್ತದಲ್ಲಿ ಸೇರದೇ ಹೋದದ್ದು ಎಲ್ಲಿಗೆ ಹೋಯಿತು ಎಂದು ಡಾಕ್ಟರು ಹಣೆ ಉಜ್ಜಿಕೊಂಡಿದ್ದರಲ್ಲ, ಅವಳ ಅಂಗೈಗೆ ಹೋಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಗಸು ಗಾಬರಿಯಾಗಿ, "ಇರ್ಲಿ ಬಿಡಿ, ಬಣ್ಣ ಹೋಗುತ್ತೆ" ಎಂದು ಮೆತ್ತಗಾದಳು.

ಇಷ್ಟಾದ ಮೇಲಾದರೂ ಓಡಿಹೋಗಿ ಹೇಳಿದನೇ? ಇಲ್ಲ. ಹೇಡಿತನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಜೆಲ್ ಹಚ್ಚುವುದನ್ನು ನಿಲ್ಲಿಸಿದ. ಯಾರಿಗೂ ಗೊತ್ತಾಗದ ಹಾಗೆ ಅವಳ ಹಾರ್ಮೋನು ತಾನಾಗಿಯೇ ಇಳಿಯಲಿ, ಆಪರೇಷನ್ ತಪ್ಪಲಿ ಎಂದುಕೊಂಡ. ಡಾಕ್ಟರಿಗೆ ಫೋನು ಮಾಡಿ, "ಸ್ವಲ್ಪ ದಿನ ಮುಂದಕ್ಕೆ ಹಾಕಬಹುದಾ ಮೇಡಂ?" ಎಂದು ಕೇಳಿದ. "ಗಡ್ಡೆ ಇದ್ರೆ ಕಾಯೋದು ಸರಿಯಲ್ಲ. ಹೆದರಬೇಡಿ" ಎಂದು ಅವರು ಫೋನಿಟ್ಟರು.

ಹೆಗಲಿನಲ್ಲಿ ಹಳೆಯದು ಉಳಿದಿದ್ದೀತೆಂದು ಸಂಜೆ ಅವನು ತುಂಬುತೋಳಿನ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂತ. ಅವಳು ಸ್ಟೂಲು ಹಾಕಿಕೊಂಡು ಕಾದಳು.

"ಇವತ್ತು ಬೇಡ. ನೋವಿಲ್ಲ."

ಮರುದಿನವೂ ಬೇಡವೆಂದ. ಅದರ ಮರುದಿನ ಅವಳು ತನ್ನ ತೋಳನ್ನು ದೀಪದ ಕೆಳಗೆ ಹಿಡಿದು, "ನನ್ನ ಕೈ ಮೇಲೂ ಕೂದಲು ಬಂತು ಅಂತ ಅಸಹ್ಯ ಆಯ್ತಾ?" ಎಂದು ಕೇಳಿದಳು. "ಹೇಳಿ, ನಾನೇನೂ ಅಂದ್ಕೊಳ್ಳಲ್ಲ. ನನಗೇ ಅಸಹ್ಯ ಆಗುತ್ತೆ."

ಅವನು ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಅತ್ತ. ಅಲ್ಲಿಗೂ ತಾಯಿ ಬಂದಳು. ಮಗನ ತಲೆ ಸವರುತ್ತಾ ನಿಧಾನವಾಗಿ ಹೇಳಿದಳು. "ನನಗೂ ಅವಳ ಮೇಲೆ ದ್ವೇಷ ಇಲ್ಲಪ್ಪ. ಮಗಳ ಹಾಗೇ ನೋಡ್ಕೊಂಡಿದೀನಿ. ಆದ್ರೆ ಆಪರೇಷನ್ ಆದ್ಮೇಲೆ ಅವಳಿಗೆ ಮಕ್ಕಳಾಗಲ್ಲ. ನಿನ್ನ ವಯಸ್ಸೇನು ಮಹಾ? ಬೇರೆ ದಾರಿ ಯೋಚನೆ ಮಾಡು. ಅವಳನ್ನ ಬೀದಿಗೆ ಹಾಕು ಅನ್ನಲ್ಲ. ತಂಗಿ ಮನೇಲಿರ್ತಾಳೆ. ನಿನ್ನಲ್ಲೇನು ಕೊರತೆ?"

ಆ ಕೊನೆಯ ಮಾತು ಅವನ ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಅವತ್ತೂ ಹೇಳಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಅವಳಿಗೆ ಹಸಿರು ಗೌನು ತೊಡಿಸಿ ಮಂಚದ ಮೇಲೆ ಕೂರಿಸಿದ್ದರು. ಕೂದಲನ್ನು ಬಟ್ಟೆಯ ಟೋಪಿಯೊಳಗೆ ತುರುಕಿದ್ದರು. ಗಲ್ಲದ ಮೇಲೆ ಕಿತ್ತ ಗುರುತುಗಳು ಕೆಂಪಗಿದ್ದವು. ಅಷ್ಟು ಸಂಕಟದಲ್ಲೂ ಒಪ್ಪವಾಗಿ ಕಾಣಬೇಕೆಂದು ಕಿತ್ತುಕೊಂಡು ಬಂದಿದ್ದಾಳೆ, ಪಾಪ. ನರ್ಸು ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಪೇಂಟರ ಕೈಗೆ ಕೊಟ್ಟಳು. "ಒಂದು ಅಥವಾ ಎರಡೂ ತೆಗೆಯೋಕೆ ಒಪ್ಪಿದೀವಿ ಅಂತ. ಅವರು ಹಾಕಿದಾರೆ. ಕೆಳಗೆ ನಿಮ್ಮದೊಂದು ಸೈನು."

ಅವಳ ಸಹಿ ಅಲ್ಲಿತ್ತು. ಯಾವಾಗಲೂ ಹಾಕುವ ಹಾಗೆ ಕೊನೆಯ ಅಕ್ಷರಕ್ಕೆ ಉದ್ದದ ಬಾಲ ಎಳೆದಿರಲಿಲ್ಲ.

ಅವನು ಪೆನ್ನು ಕೆಳಗಿಟ್ಟ. "ಡಾಕ್ಟರಮ್ಮನ್ನ ಕರೀರಿ."

"ಅವರು ಒಳಗೆ ರೆಡಿ ಆಗ್ತಿದಾರೆ ಸಾರ್."

"ಕರೀರಿ ಅಂದ್ನಲ್ಲ!" ಇಡೀ ವಾರ್ಡು ತಿರುಗಿ ನೋಡಿತು.

ಡಾಕ್ಟರು ಬಂದಾಗ ಅವನು ಜೊತೆಗೆ ತಂದಿದ್ದ ಕೆಲಸದ ಚೀಲದಿಂದ ಪುಟ್ಟಿ ಡಬ್ಬ ತೆಗೆದು, ಅದರೊಳಗಿಂದ ಬಾಟಲಿ ತೆಗೆದು, ಹೆಂಡತಿಯ ಕಾಲ ಬಳಿ ಹಾಸಿಗೆಯ ಮೇಲೆ ಇಟ್ಟ. "ಇದು ನಂದು. ದಿನಾ ಸಂಜೆ ಹೆಗಲಿಗೆ ಹಚ್ಕೋತಿದ್ದೆ. ಇವಳು ದಿನಾ ಸಂಜೆ ನನ್ನ ಹೆಗಲು ಒತ್ತುತಿದ್ಳು. ನನಗೆ ಗಂಡಸರ ಹಾರ್ಮೋನು ಕಮ್ಮಿ. ಕೊರತೆ ಇರೋದು ನನಗೆ, ಇವಳಿಗಲ್ಲ. ನೀವು ಕೇಳಿದಾಗ ಸುಳ್ಳು ಹೇಳ್ದೆ."

ಮೊದಲು ತಾಯಿಯೇ ಎದ್ದು ಬಂದು ಅವನ ತೋಳು ಹಿಡಿದಳು. "ನಂಬಬೇಡಿ ಡಾಕ್ಟರಮ್ಮ. ಹೆಂಡತಿ ಹೊಟ್ಟೆ ಕುಯ್ತಾರೆ ಅಂತ ಹೆದರಿ ಎಲ್ಲಾ ತನ್ನ ಮೇಲೆ ಹಾಕ್ಕೋತಿದಾನೆ. ಮೊದಲಿಂದ್ಲೂ ಕರುಳು ಮೆತ್ತಗೆ ಇವನದು."

"ಇಲ್ಲಮ್ಮ" ಎಂದ ಅವನು. "ನಿಜ. ಒಂದು ವರ್ಷದಿಂದ ನಿಜ."

ಡಾಕ್ಟರು ಬಾಟಲಿ ತಿರುಗಿಸಿ ಹೆಸರು ಓದಿದರು. ಆಮೇಲೆ ಅದನ್ನು ಹಾಸಿಗೆಯ ಮೇಲೆ ವಾಪಸು ಇಟ್ಟರು. "ಅವತ್ತು ನನ್ನ ಮುಖ ನೋಡ್ಕೊಂಡು ಇಲ್ಲ ಅಂದ್ರಿ. ಇನ್ನು ಸ್ವಲ್ಪ ಹೊತ್ತಿಗೆ ನಾನು ಇವರ ಹೊಟ್ಟೆ ತೆರೀತಿದ್ದೆ. ಏನೂ ಇಲ್ಲದ ಹೊಟ್ಟೇನ." ನರ್ಸಿನ ಕಡೆ ತಿರುಗಿ, ಆಪರೇಷನ್ ಬೇಡ, ರಕ್ತ ತೆಗೀರಿ, ಕೆಲವು ವಾರ ಬಿಟ್ಟು ಮತ್ತೆ ತೆಗೆಯೋಣ ಎಂದರು. ಸ್ಕ್ಯಾನನ್ನೂ ಆಗ ಇನ್ನೊಮ್ಮೆ ನೋಡೋಣ ಎಂದರು. ಬಾಗಿಲಲ್ಲಿ ನಿಂತು ಅವನಿಗೆ, "ಹೇಳಿದ್ರಲ್ಲ, ಅಷ್ಟಾದ್ರೂ" ಎಂದು ಹೋದರು.

ಹೆಂಡತಿ ಬಾಟಲಿಯನ್ನೇ ನೋಡುತ್ತಿದ್ದಳು. ಟೋಪಿ ತೆಗೆದಳು.

"ಇದು ನನಗೆ ತಾಗ್ತಿದೆ ಅಂತ ಯಾವಾಗ ಗೊತ್ತಾಯ್ತು ನಿಮಗೆ?"

"ಹೋದ ವಾರ. ಶಾಲೆ ಕೆಲಸದಲ್ಲಿದ್ದಾಗ."

"ಹೋದ ವಾರ" ಎಂದಳು. ಆ ದನಿ ಅವನದಕ್ಕಿಂತ ಗಡಸಾಗಿತ್ತು. "ಈ ವಾರವೆಲ್ಲಾ ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ತಂಗಿಗೆ ಫೋನು ಮಾಡಿ ನಿಮ್ಮನ್ನ ನೋಡ್ಕೊ ಅಂತ ಹೇಳಿದ್ದೆ. ಹೆಗಲು ನೋಯುತ್ತೆ ಪಾಪ ಅಂತ."

ಅವನು ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಎಳೆದುಕೊಂಡಳು.

ಮುಂದಿನ ಪರೀಕ್ಷೆಗಳಲ್ಲಿ ಅವಳ ರಕ್ತ ಸರಿಹೋಗುತ್ತಾ ಬಂತು. ಸ್ಕ್ಯಾನಿನಲ್ಲಿದ್ದ ಮಸುಕು ಏನೂ ಅಲ್ಲವೆಂದು ತಿಳಿಯಿತು. ಮೊಡವೆ ಒಣಗಿತು, ತಿಂಗಳ ಸ್ರಾವ ಮರಳಿತು. ಗಲ್ಲದ ಕೂದಲು ತೆಳ್ಳಗಾಯಿತು. "ದನಿ ಮಾತ್ರ ಪೂರ್ತಿ ವಾಪಸು ಬರುತ್ತೆ ಅಂತ ಮಾತು ಕೊಡಲಾರೆ. ಗಂಟಲು ಒಂದ್ಸಲ ದಪ್ಪ ಆದ್ರೆ ಹಾಗೇ ಉಳಿಯೋದುಂಟು" ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಪೇಂಟರು ಅಲ್ಲಿ ನಿಲ್ಲಲಾರದೆ ಹೊರಗೆ ಬಂದ.

ತನ್ನ ಡಾಕ್ಟರ ಹತ್ತಿರವೂ ಹೋದ. ಈ ಸಲ ಹೆಂಡತಿ ಜೊತೆಗಿದ್ದಳು, ಅವಳೇ ಹೊರಟು ನಿಂತಿದ್ದಳು. "ಆ ಎರಡು ಮಕ್ಕಳು ಸುಳ್ಳು ಸಾರ್" ಎಂದ. ಡಾಕ್ಟರು ಕುರ್ಚಿಗೆ ಒರಗಿದರು. ಹೊರಗಿನಿಂದ ಈ ಹಾರ್ಮೋನು ಕೊಟ್ಟರೆ ಮೈ ತನ್ನ ಕೆಲಸ ನಿಲ್ಲಿಸುತ್ತದೆ, ಮಕ್ಕಳು ಬೇಕೆನ್ನುವವರಿಗೆ ಇದನ್ನು ಕೊಡುವುದೇ ಇಲ್ಲ, ಅದಕ್ಕೇ ಕೇಳಿದ್ದು ಎಂದು ಬಿಡಿಸಿ ಹೇಳಿದರು. ಬೇರೆ ಚಿಕಿತ್ಸೆ ಇದೆ, ಕಾಲ ಹಿಡಿಯುತ್ತದೆ, ಆಗಿಯೇ ಆಗುತ್ತದೆ ಎನ್ನುವಂತಿಲ್ಲ ಎಂದರು. ಹೆಂಡತಿ ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಹೊರಗೆ ಬಂದ ಮೇಲೆ, "ನೀವು ಯಾವತ್ತೂ ಪೂರ್ತಿ ಕೇಳಿಸ್ಕೊಳ್ಳಲ್ಲ" ಎಂದಳು. ಆಸ್ಪತ್ರೆಯ ಆ ದಿನದ ನಂತರ ಅವನ ತಪ್ಪಿನ ಬಗ್ಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

ಸಂಜೆ ಈಗ ಅವನ ಹೆಗಲನ್ನು ಯಾರೂ ಒತ್ತುವುದಿಲ್ಲ. ಸ್ಟೂಲು ಗೋಡೆಗೆ ಒರಗಿ ನಿಂತಿದೆ. ತಾಯಿ ಒಂದು ದಿನ ತಾನೇ ಒತ್ತಲು ಬಂದಾಗ ಬೇಡವೆಂದ. ಅವಳು ಹಿಂದಿರುಗುವಾಗ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತು, "ಕಾಫಿ ಮಾಡ್ಲೇನಮ್ಮ?" ಎಂದಳು. ಆ ಹೊತ್ತಿನಲ್ಲಿ ಅವಳು ಎಂದೂ ಸೊಸೆಗೆ ಕಾಫಿ ಮಾಡಿದವಳಲ್ಲ.

ಕೆಲವು ತಿಂಗಳಾದ ಮೇಲೆ ಹೆಂಡತಿ ಮೇಲ್ವಿಚಾರಕನ ಮೇಜಿನ ಮುಂದೆ ಹೋಗಿ ನಿಂತು, ನನಗೆ ಮೈಕು ಬೇಕು ಎಂದಳಂತೆ. ಜನ ನಗುತ್ತಾರಮ್ಮ ಎಂದನಂತೆ ಅವನು. "ನಗಲಿ ಸಾರ್. ಬಸ್ಸು ಎಲ್ಲಿಗೆ ಬರುತ್ತೆ ಅಂತ ತಾನೆ ಗೊತ್ತಾಗಬೇಕು? ನಕ್ಕೊಂಡೇ ಹತ್ತಲಿ" ಎಂದಳಂತೆ. ಇದನ್ನು ಅವಳು ಅತ್ತೆಗೆ ಹೇಳಿದ್ದು. ಗಂಡನಿಗೆ ಗೋಡೆಯ ಈಚೆಯಿಂದ ಕೇಳಿಸಿತು.

ಮರುದಿನ ಅವನು ಕೆಲಸಕ್ಕೆ ಹೋಗಲು ಬಸ್ ನಿಲ್ದಾಣದಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಚೀಲ, ಹೆಗಲ ಮೇಲೆ ಏಣಿ. ಮೈಕು ಕರಕರ ಎಂದಿತು. ಆಮೇಲೆ ಅವಳ ದನಿ ಬಂತು, ಕೆಳಗೆ, ದಪ್ಪಗೆ, ಒಂದು ಕಡೆ ಒಡೆದು, ಮತ್ತೆ ಕೂಡಿಕೊಂಡು. ಊರುಗಳ ಹೆಸರನ್ನು ಅವಳು ಮೊದಲಿನಷ್ಟೇ ಬಿಡಿಸಿ ಹೇಳುತ್ತಿದ್ದಳು.

ಅವನ ಮುಂದೆ ಕೈಚೀಲ ಹಿಡಿದು ನಿಂತಿದ್ದ ದಪ್ಪ ಮೀಸೆಯವನೊಬ್ಬ ಕಿಸಕ್ಕನೆ ನಕ್ಕ. "ಏನ್ರೀ ಇದು, ಗಂಡಸಿನ ಗಂಟಲು ಕಿತ್ತು ಹೆಂಗಸಿಗೆ ಹಾಕಿದಾರಾ?"

ಹಿಂದಿನ ಪೇಂಟರಾಗಿದ್ದರೆ ಬೇರೆ ಸಾಲಿಗೆ ಹೋಗಿ ನಿಲ್ಲುತ್ತಿದ್ದ. ಇವನು ಏಣಿಯನ್ನು ಕೆಳಗಿಟ್ಟ.

"ಅವಳು ನನ್ನ ಹೆಂಡತಿ. ಗಂಟಲು ಹಾಗಾಗಿದ್ದು ನನ್ನಿಂದ."

ಮೀಸೆಯವನ ನಗು ಅರ್ಧಕ್ಕೇ ನಿಂತಿತು. "ಕ್ಷಮಿಸಿ, ಗೊತ್ತಿರಲಿಲ್ಲ" ಎಂದ. ಆಚೆ ನೋಡಿದ, ಈಚೆ ನೋಡಿದ. "ನಿಮ್ಮಿಂದ ಅಂದ್ರೆ?"

ಪೇಂಟರು ಹೇಳಿದ. ಹಾರ್ಮೋನು ಕಮ್ಮಿಯಿದ್ದದ್ದು, ಜೆಲ್ಲು, ಪುಟ್ಟಿ ಡಬ್ಬ, ಇಲ್ಲದ ಇಬ್ಬರು ಮಕ್ಕಳು, ಹಸಿರು ಗೌನು, ಒಂದನ್ನೂ ಬಿಡಲಿಲ್ಲ. ದನಿ ತಗ್ಗಿಸಲೂ ಇಲ್ಲ. ಸಾಲಿನಲ್ಲಿದ್ದ ನಾಲ್ಕಾರು ಜನರಿಗೂ ಕೇಳಿಸುತ್ತಿತ್ತು. ಅವನ ಬಸ್ಸು ಬಂತು, ಹೋಯಿತು. ಮೀಸೆಯವನ ಬಸ್ಸೂ ಬಂತು, ಅವನೂ ಹತ್ತಲಿಲ್ಲ.

ಎಲ್ಲ ಕೇಳಿದ ಮೇಲೆ ಮೀಸೆಯವನು ಹತ್ತಿರ ಸರಿದು, ಕೈಚೀಲವನ್ನು ಎದೆಗೆ ಅವಚಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದ, "ಆ ಡಾಕ್ಟರು ಎಲ್ಲಿ ಕೂತ್ಕೋತಾರೆ?"

ಪೇಂಟರು ಅವನ ಮುಖ ನೋಡಿದ. ಆ ಮುಖವನ್ನು ಅವನು ಎಷ್ಟೋ ಸಲ ಸ್ನಾನದ ಮನೆಯ ಕನ್ನಡಿಯಲ್ಲಿ ಕಂಡಿದ್ದ. ಮೇಲೆ ಮೈಕಿನಲ್ಲಿ ಅವಳು ಮುಂದಿನ ಬಸ್ಸನ್ನು ಹೇಳುತ್ತಿದ್ದಳು. ಅದು ಮುಗಿಯುವವರೆಗೆ ಇಬ್ಬರೂ ತಲೆಯೆತ್ತಿ ಕೇಳಿದರು.

"ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದ ಪೇಂಟರು. "ಆದ್ರೆ ಇವತ್ತು ಬೇಡ. ಇವತ್ತು ಮನೆಗೆ ಹೋಗಿ ನಿಮ್ಮ ಹೆಂಡತಿಗೆ ಹೇಳಿ."